ಮನೆ ಮಾರಾಟದಲ್ಲಿ ಬರಕತ್

(ಗಾದಿಗನೂರಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಅಲ್ಲಾಹನಿಗೆ ಸ್ತುತಿ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮೇಲೂ ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಮಾನ್ಯ ಸಹೋದರರೇ, ಮೊದಲು ನಮಗೂ ಆ ಬಳಿಕ ನಿಮಗೂ ತಕ್ವಾದ ಉಪದೇಶ ಮಾಡುತ್ತೇವೆ. ಅಲ್ಲಾಹನನ್ನು ಭಯಪಡುವುದು ಮಸೀದಿಯೊಳಗೆ ಸುಲಭ. ಕೈಗೆ ದುಡ್ಡು ಬರುವ ಹೊತ್ತಿನಲ್ಲಿ ಕಷ್ಟ. ಸಾಮಾನ್ಯ ಕುಟುಂಬಕ್ಕೆ ಜೀವಮಾನದಲ್ಲಿ ಬಹಳ ದೊಡ್ಡ ಮೊತ್ತ ಒಮ್ಮೆಲೇ ಕೈಗೆ ಬರುವುದು ಮನೆ ಮಾರುವಾಗ. ಆದ್ದರಿಂದ ಇಂದು ಅದರ ಬಗ್ಗೆಯೇ ಮಾತನಾಡೋಣ.

ನಮ್ಮ ಊರು ಹೊಸಪೇಟೆ ಮತ್ತು ತೋರಣಗಲ್ಲಿನ ನಡುವೆ ಇದೆ. ಒಂದು ಕಡೆ ಪೇಟೆ, ಇನ್ನೊಂದು ಕಡೆ ಉಕ್ಕಿನ ಕಾರ್ಖಾನೆ. ಮಕ್ಕಳ ಓದಿಗೆ ಹೊಸಪೇಟೆಗೆ ಹೋಗುವವರು, ಕೆಲಸಕ್ಕೆ ಬೆಂಗಳೂರು ಸೇರುವವರು, ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ, ಲಾರಿಯ ಸಾಲಕ್ಕೆ ಮನೆ ಮಾರುವವರು ನಮ್ಮಲ್ಲಿದ್ದಾರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅದಿರಿನ ಲಾರಿಯನ್ನೇ ನಂಬಿದ್ದ ಮನೆಗಳ ಸಂಕಟವನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಕಷ್ಟಕ್ಕೆ ಮನೆ ಮಾರುವುದು ಪಾಪವಲ್ಲ, ಅವಮಾನವೂ ಅಲ್ಲ. ಹೇಗೆ ಮಾರುತ್ತೇವೆ ಎಂಬುದರ ಲೆಕ್ಕವನ್ನು ಮಾತ್ರ ಅಲ್ಲಾಹನ ಮುಂದೆ ಒಪ್ಪಿಸಬೇಕಾಗುತ್ತದೆ.

ಒದ್ದೆ ಧಾನ್ಯ ಮತ್ತು ಒದ್ದೆ ಗೋಡೆ

ಪ್ರವಾದಿವರ್ಯರು(ಸ) ಒಮ್ಮೆ ಮದೀನದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತರು. ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಾಗಿತು. ಇದೇನೆಂದು ಕೇಳಿದರು. ಮಳೆಗೆ ನೆನೆದಿದೆ ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಕೇಳಿ, ವಂಚಿಸುವವನಿಗೂ ತಮಗೂ ಸಂಬಂಧವಿಲ್ಲ ಎಂಬ ಅರ್ಥದ ಕಠಿಣ ಮಾತನ್ನು ಹೇಳಿದರು. ಮುಸ್ಲಿಮ್ ಗ್ರಂಥದಲ್ಲಿ ವರದಿಯಾದ ಈ ಘಟನೆ ನಮಗೆಲ್ಲ ಗೊತ್ತು. ಆ ವ್ಯಾಪಾರಿ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಕೇಳಿದಾಗ ನಿಜವನ್ನೇ ಹೇಳಿದ. ಕೇಳುವ ಮೊದಲು ತೋರಿಸಲಿಲ್ಲ, ಅದೇ ಅವನ ತಪ್ಪು.

ಈಗ ನಮ್ಮ ಮನೆಗಳಿಗೆ ಬನ್ನಿ. ಮಾರಬೇಕೆಂದು ತೀರ್ಮಾನಿಸಿದ ಕೂಡಲೇ ನಾವು ಮಾಡುವ ಮೊದಲ ಕೆಲಸ ಸುಣ್ಣ ಬಣ್ಣ. ಸುಣ್ಣ ಬಳಿಯುವುದರಲ್ಲಿ ತಪ್ಪಿಲ್ಲ. ಮನೆ ಗುಡಿಸಿ, ತೊಳೆದು, ಮುರಿದ ಚಿಲಕ ಸರಿಪಡಿಸಿ, ಸೋರುವ ನಲ್ಲಿಗೆ ವಾಷರ್ ಹಾಕಿಸಿ, ಬೇಡದ ಸಾಮಾನು ಹೊರಗೆ ಹಾಕಿ ತೋರಿಸಿದರೆ ಕೊಳ್ಳುವವರಿಗೂ ಒಳ್ಳೆಯದು. ಎರೆಮಣ್ಣಿನ ಜಾಗದಲ್ಲಿ ಕಟ್ಟಿದ ಮನೆಯ ಕಥೆ ಮಾತ್ರ ಬೇರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಗೋಡೆ ಬಿರುಕು ಬಿಡುತ್ತದೆ. ಬಿರುಕಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆದು, ಏನೂ ಆಗಿಲ್ಲವೆಂಬಂತೆ ತೋರಿಸಿದರೆ ಒದ್ದೆ ಧಾನ್ಯವನ್ನು ರಾಶಿಯ ಕೆಳಗೆ ತಳ್ಳಿದಂತೆಯೇ. ಅದೇ ಬಿರುಕನ್ನು ಸರಿಪಡಿಸಿ, ಇಲ್ಲಿ ಬಿರುಕಿತ್ತು, ಇಂಥ ವರ್ಷ ರಿಪೇರಿ ಮಾಡಿಸಿದ್ದೇವೆ ಎಂದು ಹೇಳಿದರೆ ಅದು ವ್ಯಾಪಾರ.

ಈ ಮಾತು ಹೇಳುವ ನಾವೂ ಇದರಲ್ಲಿ ಎಡವಿದವರೇ. ತಂದೆಯವರು ತೀರಿಕೊಂಡ ಬಳಿಕ ನಾವು ಅಣ್ಣತಮ್ಮಂದಿರು ಹಳೆಯ ಮನೆಯನ್ನು ಮಾರಲು ಹೊರಟೆವು. ಅಡುಗೆ ಮನೆಯ ಒಂದು ಮೂಲೆ ಮಳೆಗಾಲದಲ್ಲಿ ಸೋರುತ್ತಿತ್ತು. ಬೇಸಿಗೆಯಲ್ಲಿ ತೋರಿಸಿದರಾಯಿತು, ಅವರು ಕೇಳಿದರೆ ಹೇಳೋಣ, ಕೇಳದಿದ್ದರೆ ಬಿಡೋಣ ಎಂದು ನಮ್ಮೊಳಗೆ ಮಾತಾಗಿತ್ತು. ಕೊಳ್ಳುವವರು ಮನೆಯವರೊಂದಿಗೆ ನೋಡಲು ಬಂದರು. ನಾವು ಅಂಗಳದಲ್ಲಿ ಅಳತೆಯ ಮಾತಾಡುತ್ತಿದ್ದೆವು. ಒಳಗೆ ನಮ್ಮ ಅಮ್ಮಿ ಆ ಹೆಣ್ಣುಮಗಳಿಗೆ ಹೇಳುತ್ತಿದ್ದುದು ಕೇಳಿಸಿತು: "ಮಳಿ ಬಂದ್ರೆ ಈ ಮೂಲಿ ಸೋರ್ತೈತಮ್ಮ. ಹಿಟ್ಟಿನ ಡಬ್ಬಿ ಮಾತ್ರ ಇಲ್ಲಿ ಇಡಬ್ಯಾಡ."

ಅವರು ಮಾತಾಡಿದ್ದ ಬೆಲೆಯಲ್ಲಿ ₹20,000 ಇಳಿಸಿದರು. ನಮಗೆ ಅಂದು ಬೇಸರವಾಯಿತು, ನಿಜ. ಅಮ್ಮಿಯನ್ನು ಕೇಳಿದಾಗ, ಅವಳೂ ಅಡುಗೆ ಮಾಡುವವಳೇ ಅಲ್ಲವೇ ಎಂದರು. ಅಷ್ಟೇ. ಕೊಂಡವರು ನಮ್ಮ ಸಮುದಾಯದವರಲ್ಲ. ಅಮ್ಮಿಗೆ ಅದೊಂದು ವಿಷಯವೇ ಆಗಿರಲಿಲ್ಲ. ಅಳತೆ ತೂಕದಲ್ಲಿ ಜನರಿಗೆ ಕಡಿಮೆ ಕೊಡುವವರನ್ನು ಕುರ್‌ಆನ್ ಎಚ್ಚರಿಸುವಾಗ ಆ ಜನರು ಯಾವ ಧರ್ಮದವರೆಂದು ವಿಂಗಡಿಸುವುದಿಲ್ಲ.

ದೋಷವನ್ನು ತಿಳಿಸದೆ ವಸ್ತುವನ್ನು ಮಾರುವುದು ಧರ್ಮಸಮ್ಮತವಲ್ಲ ಎಂದು ಉಕ್ಬಾ ಬಿನ್ ಆಮಿರ್(ರ) ವರದಿ ಮಾಡಿದ ಹದೀಸ್ ಇಬ್ನು ಮಾಜದಲ್ಲಿದೆ. ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕು. ಆಸ್ತಿಯ ದೋಷವೂ ಇದರಲ್ಲಿ ಸೇರುತ್ತದೆ, ಹಕ್ಕಿನ ದೋಷವೂ ಸೇರುತ್ತದೆ.

ಮೊದಲು, ಮನೆ ಯಾರದು?

ಹಕ್ಕಿನ ದೋಷ ಎಂದೆವು. ಗೋಡೆಯ ಬಿರುಕಿಗಿಂತ ದೊಡ್ಡ ದೋಷ ಅದೇ. ತಂದೆ ತೀರಿಕೊಂಡು ಹತ್ತು ವರ್ಷವಾಗಿರುತ್ತದೆ. ಖಾತೆ ಅವರ ಹೆಸರಿನಲ್ಲೇ ಇರುತ್ತದೆ. ಗಂಡುಮಕ್ಕಳು ಕೂತು ಬೆಲೆ ಮಾತಾಡಿ ಮುಂಗಡ ತೆಗೆದುಕೊಳ್ಳುತ್ತಾರೆ. ಸಹಿಯ ದಿನ ಅಕ್ಕತಂಗಿಯರ ನೆನಪಾಗುತ್ತದೆ. "ಒಂದು ಸಹಿ ಹಾಕಿ ಹೋಗಮ್ಮ" ಎಂದು ಕರೆಸುತ್ತಾರೆ. ಅಕ್ಕ ಏನು ಮಾಡಿಯಾಳು? ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಗೆ ಸಹಿ ಹಾಕುತ್ತಾಳೆ. ಹೆದರಿಕೆಯ ಸಹಿಯಿಂದ ಅವಳ ಹಕ್ಕು ಅಲ್ಲಾಹನ ಬಳಿ ತೀರುವುದಿಲ್ಲ.

ತಂದೆತಾಯಿ ಬಿಟ್ಟುಹೋದುದರಲ್ಲಿ, ಅದು ಕಡಿಮೆಯಿರಲಿ ಹೆಚ್ಚಿರಲಿ, ಗಂಡಸರಿಗೂ ಹೆಂಗಸರಿಗೂ ಪಾಲಿದೆ ಎಂದು ಅನ್ನಿಸಾ ಅಧ್ಯಾಯ ಸ್ಪಷ್ಟಪಡಿಸಿದೆ. ಒಂದು ಲೆಕ್ಕ ನೋಡೋಣ. ತೀರಿಕೊಂಡವರಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ. ಅವರ ತಂದೆತಾಯಿ ಮೊದಲೇ ತೀರಿಕೊಂಡಿದ್ದಾರೆ. ಅವರ ಸಾಲ ತೀರಿಸಿ, ವಸಿಯ್ಯತ್ ಇದ್ದರೆ ಅದನ್ನೂ ನಡೆಸಿದ ಬಳಿಕ ಮನೆಯಿಂದ ₹24 ಲಕ್ಷ ಉಳಿಯಿತೆನ್ನಿ. ತಾಯಿಗೆ ಎಂಟನೇ ಒಂದು ಭಾಗ, ₹3 ಲಕ್ಷ. ಉಳಿದ ₹21 ಲಕ್ಷದಲ್ಲಿ ಗಂಡುಮಗನಿಗೆ ಎರಡು ಪಾಲು, ಹೆಣ್ಣುಮಗಳಿಗೆ ಒಂದು ಪಾಲು. ಒಟ್ಟು ಏಳು ಪಾಲು. ಪ್ರತಿ ಗಂಡುಮಗನಿಗೆ ₹6 ಲಕ್ಷ, ಪ್ರತಿ ಹೆಣ್ಣುಮಗಳಿಗೆ ₹3 ಲಕ್ಷ. ತಾಯಿಯ ಮಹರ್ ಬಾಕಿಯಿದ್ದರೆ ಅದೂ ಸಾಲವೇ, ಪಾಲು ಮಾಡುವ ಮೊದಲೇ ಕೊಡಬೇಕಾದದ್ದು. ಪಾಲುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ಅವರ ಪಾಲನ್ನು ತಾಯಿಯಾಗಲಿ ಚಿಕ್ಕಪ್ಪನಾಗಲಿ ತಾವಾಗಿ ಮಾರುವಂತಿಲ್ಲ. ನ್ಯಾಯಾಲಯದ ಅನುಮತಿ ಬೇಕು. ಅನಾಥರ ಸೊತ್ತಿನ ವಿಷಯದಲ್ಲಿ ಕುರ್‌ಆನ್ ಎಷ್ಟು ಕಟುವಾಗಿ ಎಚ್ಚರಿಸಿದೆ ಎಂದು ನಿಮಗೆ ಗೊತ್ತಿದೆ.

ಆದ್ದರಿಂದ ಮನೆಯನ್ನು ಸಿದ್ಧಗೊಳಿಸುವುದೆಂದರೆ ಮೊದಲು ಕಾಗದ ಸಿದ್ಧಗೊಳಿಸುವುದು. ಹಕ್ಕುದಾರರೆಲ್ಲರೂ ಒಂದೆಡೆ ಕೂತು, ಮಾರುವುದಕ್ಕೂ ಬೆಲೆಗೂ ಒಪ್ಪಿಗೆ ಕೊಡಬೇಕು. ಪಂಚಾಯ್ತಿಯಲ್ಲಿ ಖಾತೆ ಸರಿಪಡಿಸಿ, ತೆರಿಗೆ ಕಟ್ಟಿ, ಇ-ಸ್ವತ್ತಿನ ನಮೂನೆಗಳನ್ನು ಪಡೆದಿಟ್ಟುಕೊಳ್ಳಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿಡಿ. ಮನೆಯ ಮೇಲೆ ಬ್ಯಾಂಕಿನ ಸಾಲವೋ ಸೊಸೈಟಿಯ ಸಾಲವೋ ಇದ್ದರೆ ಮೊದಲ ಮಾತಿನಲ್ಲೇ ಹೇಳಿ. ಕಾಂಪೌಂಡ್ ಗೋಡೆ ಕಟ್ಟುವಾಗ ರಸ್ತೆಯ ಕಡೆಗೋ ಪಕ್ಕದವರ ಕಡೆಗೋ ಎರಡಡಿ ಸರಿದಿದ್ದರೆ ಆ ಎರಡಡಿಯನ್ನು ಅಳತೆಯಲ್ಲಿ ಸೇರಿಸಿ ಮಾರಬೇಡಿ. ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುವುದೆಂಬ ಪ್ರವಾದಿ(ಸ)ರ ಎಚ್ಚರಿಕೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ಮನೆ ತೋರಿಸುವ ಅದಬ್

ಕೊಳ್ಳಲು ಬರುವವರಿಗೆ ಮನೆಯ ಮೂಲೆ ಮೂಲೆ ನೋಡುವ ಹಕ್ಕಿದೆ. ಮನೆಯಲ್ಲಿರುವ ಹೆಣ್ಣುಮಕ್ಕಳಿಗೂ ತಮ್ಮ ಮರೆಯ ಹಕ್ಕಿದೆ. ಅನ್ಯರ ಮನೆಗೆ ಅನುಮತಿ ಕೇಳದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಅನ್ನೂರ್ ಅಧ್ಯಾಯ ಕಲಿಸಿದೆ. ಆದ್ದರಿಂದ ಮೊದಲೇ ಸಮಯ ಗೊತ್ತುಮಾಡಿ. ದಲ್ಲಾಳಿ ತನಗೆ ಬಿಡುವಾದಾಗಲೆಲ್ಲ ನಾಲ್ಕು ಜನರನ್ನು ಕರೆತಂದು ಬಾಗಿಲು ಬಡಿಯುವಂತಾಗಬಾರದು. ಮಲಗುವ ಕೋಣೆಯ ಫೋಟೊ, ಮಕ್ಕಳಿರುವ ಫೋಟೊ ವಾಟ್ಸಾಪ್‌ನಲ್ಲಿ ಊರೂರು ತಿರುಗುವಂತಾಗಬಾರದು. ಬಾಡಿಗೆದಾರರಿದ್ದರೆ ಅವರಿಗೂ ಮೊದಲೇ ತಿಳಿಸಬೇಕು. ಅವರ ಮನೆಯೊಳಗೆ ಹೋಗಲು ಅವರ ಅನುಮತಿ ಬೇಕು.

ತೋರಿಸುವಾಗ ಹಗಲಿನ ಬೆಳಕಿನಲ್ಲಿ ತೋರಿಸಿ. ಬೀರು ಸರಿಸಿ ಹಿಂದಿನ ಗೋಡೆ ನೋಡಬೇಕೆಂದರೆ ಸರಿಸಿ. ಮಾಳಿಗೆ ಹತ್ತಿಸಿ. ಬೋರಿನ ನೀರು ಕುಡಿಯಲು ಬರುತ್ತದೋ, ಬಳಸಲು ಮಾತ್ರವೋ ಹೇಳಿ. ಪಂಚಾಯ್ತಿಯ ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಎಂದು ಹೇಳಿ. ರಸ್ತೆಯ ಬದಿಯ ಮನೆಯಾದರೆ ಲಾರಿಗಳ ಧೂಳು, ಹಳಿಯ ಹತ್ತಿರದ ಮನೆಯಾದರೆ ರಾತ್ರಿಯ ರೈಲಿನ ಸದ್ದು. ಹೊರಗಿನಿಂದ ಬಂದವರಿಗೆ ಅರ್ಧ ಗಂಟೆಯಲ್ಲಿ ಇದು ತಿಳಿಯುವುದಿಲ್ಲ. ಚರಂಡಿಯ ನೀರು ಯಾರ ಜಾಗದ ಮೇಲೆ ಹಾದುಹೋಗುತ್ತದೆ, ದಾರಿ ಯಾರದು ಎಂಬುದನ್ನೂ ತಿಳಿಸಿ. ಇವೆಲ್ಲ ಹೇಳಿದರೆ ಮನೆ ಹೋಗುವುದಿಲ್ಲವೆಂಬ ಹೆದರಿಕೆ ಬೇಡ. ಕೊಳ್ಳುವವರಿಗೆ ಆ ಮನೆಯಲ್ಲಿ ಒಳ್ಳೆಯದೂ ಕಾಣುತ್ತಿರುತ್ತದೆ.

ಬೆಲೆ ಕಟ್ಟುವುದು

ಮದೀನದಲ್ಲಿ ಬೆಲೆಗಳು ಏರಿದಾಗ, ತಾವೇ ಬೆಲೆ ನಿಗದಿ ಮಾಡಿರೆಂದು ಜನರು ಪ್ರವಾದಿ(ಸ)ರನ್ನು ಕೇಳಿದರು. ಅವರು ಒಪ್ಪಲಿಲ್ಲ. ಯಾರ ಸೊತ್ತಿನ ವಿಷಯದಲ್ಲೂ ಅನ್ಯಾಯದ ದೂರು ತಮ್ಮ ಮೇಲಿಲ್ಲದೆ ಅಲ್ಲಾಹನನ್ನು ಭೇಟಿಯಾಗಬೇಕೆಂಬುದು ಅವರ ಆಸೆಯಾಗಿತ್ತು. ಆದ್ದರಿಂದ ನಿಮ್ಮ ಮನೆಗೆ ಇಷ್ಟೇ ಕೇಳಬೇಕೆಂದು ನಾವು ಹೇಳುವುದಿಲ್ಲ. ಇಬ್ಬರೂ ಮನಃಪೂರ್ವಕ ಒಪ್ಪಿದ ಬೆಲೆಯೇ ಬೆಲೆ. ಚೌಕಾಸಿಯೂ ಹಲಾಲ್.

ಬೆಲೆ ಗೊತ್ತುಮಾಡುವಾಗ ಜನರು ಕೇಳುತ್ತಿರುವ ಬೆಲೆಯನ್ನು ನೋಡಬೇಡಿ. ನಿಮ್ಮ ಓಣಿಯಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ಮನೆಗಳ ಬೆಲೆ ವಿಚಾರಿಸಿ. ಜಾಗದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ ಲೆಕ್ಕ ಹಾಕಿ. ಜಾಗಕ್ಕೆ ಬೆಲೆ ಏರಬಹುದು, ಕಟ್ಟಡಕ್ಕೆ ವಯಸ್ಸಾಗುತ್ತದೆ. ಸರ್ಕಾರದ ಮಾರ್ಗಸೂಚಿ ದರ ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಇರುವುದು. ಮಾರುಕಟ್ಟೆಯ ಬೆಲೆ ಅದಕ್ಕಿಂತ ಬೇರೆಯಾಗಿರಬಹುದು. ತಂದೆಯ ನೆನಪು, ನಾವು ಆಡಿ ಬೆಳೆದ ಅಂಗಳ, ಇವಕ್ಕೆ ಕೊಳ್ಳುವವನು ದುಡ್ಡು ಕೊಡಬೇಕೆಂದು ಬಯಸುವುದು ನ್ಯಾಯವಲ್ಲ. ಹೆಚ್ಚು ಬೆಲೆ ಹೇಳಿ ಎರಡು ವರ್ಷ ಬೀಗ ಹಾಕಿಟ್ಟ ಮನೆ ಗೆದ್ದಲಿನ ಪಾಲಾದುದನ್ನೂ ಕಂಡಿದ್ದೇವೆ.

ಬೆಲೆ ಏರಿಸಲು ಮೂರು ಕೆಲಸ ಮಾಡಬೇಡಿ. ಕೊಳ್ಳುವ ಮನಸ್ಸಿಲ್ಲದ ಸಂಬಂಧಿಕನನ್ನು ಕರೆತಂದು ಹೆಚ್ಚು ಬೆಲೆ ಕೂಗಿಸಬೇಡಿ. ಇದು ನಜಶ್, ಪ್ರವಾದಿ(ಸ) ಇದನ್ನು ನಿಷೇಧಿಸಿದ್ದಾರೆ. "ವಲ್ಲಾಹಿ, ನಿನ್ನೆ ಒಬ್ಬರು ಇದಕ್ಕಿಂತ ಎರಡು ಲಕ್ಷ ಹೆಚ್ಚು ಕೇಳಿ ಹೋದರು" ಎಂದು ಆಣೆ ಹಾಕಬೇಡಿ. ಆಣೆಯಿಂದ ಸರಕು ಮಾರಾಟವಾದೀತು, ಬರಕತ್ ಅಳಿಸಿಹೋಗುತ್ತದೆ ಎಂಬರ್ಥದ ಹದೀಸ್ ಇದೆ. ಒಬ್ಬರಿಗೆ ಮಾತು ಕೊಟ್ಟು ಮುಂಗಡ ಪಡೆದ ಬಳಿಕ ಇನ್ನೊಬ್ಬರು ಹೆಚ್ಚು ಕೊಡುತ್ತೇನೆಂದರೆ ಮಾತು ಮುರಿಯಬೇಡಿ. ಒಬ್ಬ ಸಹೋದರನ ವ್ಯಾಪಾರದ ಮೇಲೆ ಇನ್ನೊಬ್ಬ ವ್ಯಾಪಾರ ಮಾಡುವುದನ್ನೂ ಪ್ರವಾದಿ(ಸ) ತಡೆದಿದ್ದಾರೆ.

ಕೊಳ್ಳುವವರಿಗೂ ಒಂದು ಮಾತಿದೆ. ಜರೀರ್ ಬಿನ್ ಅಬ್ದುಲ್ಲಾ(ರ)ರಿಗಾಗಿ ಅವರ ಕೆಲಸದವನು 300 ದಿರ್ಹಮ್‌ಗೆ ಒಂದು ಕುದುರೆ ಗೊತ್ತುಮಾಡಿದ. ಕುದುರೆ ನೋಡಿದ ಜರೀರ್(ರ), ಇದು 300ಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಮಾರುವವನಿಗೆ ತಾವೇ ಹೇಳಿ, ನೂರು ನೂರು ಏರಿಸುತ್ತ 800 ಕೊಟ್ಟರು. ಪ್ರತಿಯೊಬ್ಬ ಮುಸ್ಲಿಮನ ಹಿತವನ್ನು ಬಯಸುವೆನೆಂದು ಪ್ರವಾದಿ(ಸ)ರಿಗೆ ಅವರು ಬೈಅತ್ ಮಾಡಿದ್ದರು. ತಬರಾನಿಯವರ ಸಂಗ್ರಹದಲ್ಲಿ ಈ ಘಟನೆ ಇದೆ. ಆಸ್ಪತ್ರೆಯ ಬಿಲ್ಲು ಕೈಯಲ್ಲಿ ಹಿಡಿದು ಮನೆ ಮಾರಲು ಬಂದವನನ್ನು ಕಂಡಾಗ ನಾವು ಈ ಕುದುರೆಯನ್ನು ನೆನೆಯಬೇಕು. ಅವನ ಅವಸರವೇ ನಮ್ಮ ಲಾಭವಾಗಬಾರದು.

ದಲ್ಲಾಳಿ ಕೆಲಸ ಮಾಡುವ ಸಹೋದರರೂ ಇಲ್ಲಿದ್ದೀರಿ. ಕಮಿಷನ್ ಹಲಾಲ್. ಎಷ್ಟೆಂದು ಮೊದಲೇ ಮಾತಾಗಿರಲಿ. ಮಾರುವವನಿಗೆ ಒಂದು ಬೆಲೆ, ಕೊಳ್ಳುವವನಿಗೆ ಇನ್ನೊಂದು ಬೆಲೆ ಹೇಳಿ ನಡುವಿನದನ್ನು ಕಿಸೆಗೆ ಹಾಕುವುದು ಹಲಾಲ್ ಅಲ್ಲ. ಪ್ರವಾದಿ(ಸ) ಉರ್ವಾ(ರ)ರಿಗೆ ಒಂದು ಆಡು ಕೊಳ್ಳಲು ಒಂದು ದೀನಾರ್ ಕೊಟ್ಟಿದ್ದರು. ಅವರು ಅದರಲ್ಲಿ ಎರಡು ಕೊಂಡು, ಒಂದನ್ನು ಒಂದು ದೀನಾರ್‌ಗೆ ಮಾರಿ, ಆಡನ್ನೂ ದೀನಾರನ್ನೂ ತಂದೊಪ್ಪಿಸಿದರು. ಪ್ರವಾದಿ(ಸ) ಅವರ ವ್ಯಾಪಾರದಲ್ಲಿ ಬರಕತ್‌ಗಾಗಿ ಪ್ರಾರ್ಥಿಸಿದರು.

ಇನ್ನು ಬರಹ. ಲೇವಾದೇವಿಯನ್ನು ಬರೆದಿಡಿ, ಸಾಕ್ಷಿಗಳನ್ನಿಡಿ ಎಂದು ಅಲ್ಬಕರ ಅಧ್ಯಾಯ ಆಜ್ಞಾಪಿಸಿದೆ. ಕೊಟ್ಟದ್ದು ₹24 ಲಕ್ಷ, ಕ್ರಯಪತ್ರದಲ್ಲಿ ಬರೆದದ್ದು ₹12 ಲಕ್ಷ ಎಂಬುದು ಸುಳ್ಳು ಸಾಕ್ಷ್ಯ. ಶುಲ್ಕ ಉಳಿಸುವ ಜಾಣತನ ಎಂದುಕೊಳ್ಳುತ್ತೇವೆ. ಅದೇ ಕಾಗದವನ್ನು ಅಕ್ಕತಂಗಿಯರಿಗೆ ತೋರಿಸಿ ಹನ್ನೆರಡು ಲಕ್ಷದಲ್ಲಿ ಪಾಲು ಕೊಟ್ಟವರೂ ಇದ್ದಾರೆ. ಒಂದು ಸುಳ್ಳಿನಲ್ಲಿ ಎರಡು ಮೋಸ. ಆಸ್ತಿ ಮಾರಾಟದಲ್ಲಿ ₹20,000 ಅಥವಾ ಅದಕ್ಕಿಂತ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೂ ತಡೆಯಿದೆ. ಬ್ಯಾಂಕಿನ ಮೂಲಕ ಪಡೆಯಿರಿ, ನಿಜವಾದ ಮೊತ್ತ ಬರೆಯಿರಿ.

ಮೊದಲು ನೆರೆಯವರಿಗೆ

ಹದೀಸ್ ಗ್ರಂಥಗಳಲ್ಲಿ ಮನೆ ಮಾರಾಟದ್ದೇ ಒಂದು ಘಟನೆ ಇದೆ. ಬುಖಾರಿಯಲ್ಲಿ ವರದಿಯಾಗಿದೆ. ಪ್ರವಾದಿ(ಸ)ರು ವಿಮೋಚನೆಗೊಳಿಸಿದ ಅಬೂ ರಾಫಿಅ್(ರ)ರಿಗೆ ಸಅದ್ ಬಿನ್ ಅಬೀ ವಕ್ಕಾಸ್(ರ)ರ ವಠಾರದೊಳಗೆ ಎರಡು ಕೋಣೆಗಳಿದ್ದವು. ಅವನ್ನು ಕೊಳ್ಳಿರೆಂದು ಸಅದ್(ರ)ರನ್ನು ಕೇಳಿದರು. ಅವರು ಮೊದಲು ಒಪ್ಪಲಿಲ್ಲ. ಜೊತೆಯಲ್ಲಿದ್ದ ಮಿಸ್ವರ್(ರ) ಒತ್ತಾಯಿಸಿದಾಗ, 4,000ಕ್ಕಿಂತ ಹೆಚ್ಚು ಕೊಡಲಾರೆ, ಅದೂ ಕಂತಿನಲ್ಲಿ ಎಂದರು. ಅಬೂ ರಾಫಿಅ್(ರ)ರಿಗೆ ಬೇರೆಯವರು 500 ದೀನಾರ್ ಕೊಡಲು ಮುಂದೆ ಬಂದಿದ್ದರು. ಅಂದಿನ ಲೆಕ್ಕದಲ್ಲಿ ಒಂದು ದೀನಾರ್‌ಗೆ ಸುಮಾರು 10 ರಿಂದ 12 ದಿರ್ಹಮ್. ಅಂದರೆ 5,000 ದಿರ್ಹಮ್‌ಗೆ ಕಡಿಮೆಯಿಲ್ಲದ ಬೆಲೆ. ಹತ್ತಿರದ ನೆರೆಯವನಿಗೆ ಹೆಚ್ಚು ಹಕ್ಕಿದೆಯೆಂದು ಪ್ರವಾದಿ(ಸ)ರಿಂದ ಕೇಳಿರದಿದ್ದರೆ 4,000ಕ್ಕೆ ಕೊಡುತ್ತಿರಲಿಲ್ಲ ಎಂದು ಹೇಳಿ, ಅವರು ಸಅದ್(ರ)ರಿಗೇ ಕೊಟ್ಟರು.

ಇದು ಶುಫ್‌ಅ. ನಾವು ಅನುಸರಿಸುವ ಹನಫಿ ಮದ್‌ಹಬ್‌ನಲ್ಲಿ ಈ ಹಕ್ಕು ಮೊದಲು ಆಸ್ತಿಯ ಪಾಲುದಾರನಿಗೆ, ಬಳಿಕ ದಾರಿ ಮತ್ತು ನೀರಿನಲ್ಲಿ ಪಾಲಿರುವವನಿಗೆ, ಆಮೇಲೆ ಗೋಡೆಗೆ ಗೋಡೆ ತಾಗಿದ ನೆರೆಯವನಿಗೆ. ಕರಾವಳಿಯ ಶಾಫಿಈ ಸಹೋದರರ ಪ್ರಕಾರ ಪಾಲುದಾರನಿಗೆ ಮಾತ್ರ. ಇಂದಿನ ನ್ಯಾಯಾಲಯದಲ್ಲಿ ನೆರೆಯವನು ಇದನ್ನು ಹಕ್ಕೆಂದು ಕೇಳುವಂತಿಲ್ಲ. ನಮ್ಮ ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸಿನಲ್ಲಿತ್ತು. ಮದರಾಸಿನ ನ್ಯಾಯಾಲಯಗಳು ಶುಫ್‌ಅವನ್ನು ಸಾಮಾನ್ಯ ಕಾನೂನಾಗಿ ಒಪ್ಪಿರಲಿಲ್ಲ. ಕೇವಲ ನೆರೆಯವನೆಂಬ ಕಾರಣದ ಮೊದಲ ಹಕ್ಕು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತು. ಆದರೆ ಅಬೂ ರಾಫಿಅ್(ರ) ನ್ಯಾಯಾಲಯಕ್ಕೆ ಹೆದರಿ ಕೊಟ್ಟವರಲ್ಲ. ಬೋರ್ಡು ಹಾಕುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ, "ನಾವು ಮನೆ ಮಾರ್ತಾ ಇದ್ದೀವಿ, ನಿಮಗೆ ಬೇಕಾ ಅಣ್ಣ?" ಎಂದು ಕೇಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಆ ನೆರೆಯವರು ಯಾವ ಧರ್ಮದವರಾದರೂ ಸರಿ. ಬೇಡವೆಂದರೆ ನಿಮ್ಮ ಕರ್ತವ್ಯ ಮುಗಿಯಿತು. ಬೇಕೆಂದರೆ ಮಗನ ಮದುವೆಗೆ ಒಂದು ಕೋಣೆ ಕಡಿಮೆಯಾಗಿದ್ದ ಮನೆಗೆ ನೀವು ಉಪಕಾರ ಮಾಡಿದಿರಿ.

ಬಂದ ಹಣ

ಮನೆ ಮಾರಿದ ಹಣವನ್ನು ಅಂಥದ್ದೇ ಇನ್ನೊಂದರಲ್ಲಿ ತೊಡಗಿಸದವನಿಗೆ ಅದರಲ್ಲಿ ಬರಕತ್ ಇರದೆಂಬ ಅರ್ಥದ ಹದೀಸ್ ಇಬ್ನು ಮಾಜದಲ್ಲಿದೆ. ಸಾಲ ತೀರಿಸಬೇಕಾದವರು ಮೊದಲು ಸಾಲ ತೀರಿಸಿ. ಉಳಿದುದರಲ್ಲಿ ಚಿಕ್ಕದಾದರೂ ಒಂದು ಸೂರೋ ಜಾಗವೋ ಮಾಡಿಕೊಳ್ಳಿ. ತಂದೆ ಕಲ್ಲು ಹೊತ್ತು ಕಟ್ಟಿದ ಮನೆ ಒಂದು ಮದುವೆಯ ಶಾಮಿಯಾನದಲ್ಲಿ, ಒಂದು ದಿನದ ಬಿರಿಯಾನಿಯಲ್ಲಿ ಮುಗಿದುಹೋದುದನ್ನು ನಾವೆಲ್ಲ ಕಂಡಿದ್ದೇವೆ.

ಸಹೋದರರೇ, ಕೊಡುವವನೂ ಕೊಳ್ಳುವವನೂ ಸತ್ಯ ಹೇಳಿ, ಇದ್ದುದನ್ನು ಬಿಚ್ಚಿ ಹೇಳಿದರೆ ವ್ಯಾಪಾರದಲ್ಲಿ ಬರಕತ್ ದೊರೆಯುತ್ತದೆ, ಮುಚ್ಚಿಟ್ಟರೆ ಬರಕತ್ ಅಳಿಸಿಹೋಗುತ್ತದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಸತ್ಯ ಹೇಳಿದರೆ ಹೆಚ್ಚು ದುಡ್ಡು ಬರುತ್ತದೆಂದು ಅವರು ಹೇಳಲಿಲ್ಲ. ನಮ್ಮ ಮನೆಗೆ ₹20,000 ಕಡಿಮೆಯೇ ಬಂತು. ಆದರೆ ಇಂದಿಗೂ ಆ ಮನೆಯ ಮುಂದೆ ಹಾದುಹೋಗುವಾಗ ನಾವು ತಲೆ ತಗ್ಗಿಸಬೇಕಾಗಿಲ್ಲ. ಮಳೆ ಬಂದ ರಾತ್ರಿ, ಆ ಮನೆಯವರು ನಮ್ಮನ್ನು ಶಪಿಸುತ್ತಿರಬಹುದೆಂಬ ಯೋಚನೆಯಿಲ್ಲದೆ ಮಲಗುತ್ತೇವೆ. ಅಮ್ಮಿ ನಮಗೆ ಉಳಿಸಿಕೊಟ್ಟದ್ದು ಅದು.

ಅಲ್ಲಾಹನೇ, ನಮ್ಮ ಮನೆಗಳಲ್ಲಿ ಶಾಂತಿಯನ್ನೂ ನಮ್ಮ ವ್ಯಾಪಾರಗಳಲ್ಲಿ ಸತ್ಯವನ್ನೂ ಕೊಡು. ಅಕ್ಕತಂಗಿಯರ, ಅನಾಥರ, ನೆರೆಯವರ ಹಕ್ಕಿನ ಒಂದು ರೂಪಾಯಿಯೂ ನಮ್ಮ ಬಳಿ ಉಳಿಯದಂತೆ ಕಾಪಾಡು. ಸಾಲದಲ್ಲಿರುವವರ ಸಾಲ ತೀರಿಸು. ಸೂರಿಲ್ಲದವರಿಗೆ ಸೂರು ಕೊಡು. ಮನೆ ಬಿಟ್ಟು ಹೋಗುವವರಿಗೂ ಮನೆಗೆ ಬರುವವರಿಗೂ ಒಳಿತು ಮಾಡು. ಆಮೀನ್.